ದೇವನಹಳ್ಳಿ ಸೀಮೆಯ ನಗರೀಕರಣ

ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿ ತಾಲ್ಲೂಕು ಹಿಂದಿನಿಂದಲೂ ಬೇಸಾಯದ ನಾಡು. ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ, ಅವರೆ, ಹುರುಳಿ. ಕೊಳವೆಬಾವಿ ಇರುವ ಕಡೆ ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೂವು. ಇಲ್ಲಿನ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಉಂಟು. 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬದಲಾವಣೆ ವೇಗ ಪಡೆಯಿತು. ನಿಲ್ದಾಣಕ್ಕೆ ಹೋದದ್ದು ಸುಮಾರು 4,000 ಎಕರೆ. ಅದರ ಸುತ್ತ ಬೆಳೆದ ಬಡಾವಣೆ, ಗೋದಾಮು, ಹೋಟೆಲು, ಏರೋಸ್ಪೇಸ್ ಪಾರ್ಕುಗಳಿಗೂ ಹೊಲಗಳೇ ಬೇಕಾದವು.

ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷವಿದ್ದದ್ದು 2011ಕ್ಕೆ 96 ಲಕ್ಷವಾಯಿತು. ಅದೇ ವರ್ಷ ದೇವನಹಳ್ಳಿಯನ್ನು ಒಳಗೊಂಡ ಗ್ರಾಮಾಂತರ ಜಿಲ್ಲೆಯ 9.9 ಲಕ್ಷ ಜನರಲ್ಲಿ ಪಟ್ಟಣವಾಸಿಗಳು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಈ ಅಂಕಿಯನ್ನು ನಂಬಿ ಊರುಗಳನ್ನು ಅಳೆಯುವುದು ತಪ್ಪಾದೀತು. ದಾಖಲೆಯಲ್ಲಿ ಇಂದಿಗೂ ಹಳ್ಳಿಯಾಗಿರುವ ಎಷ್ಟೋ ಕಡೆ ಉತ್ತರ ಕರ್ನಾಟಕ, ಬಿಹಾರ, ಒಡಿಶಾಗಳಿಂದ ಬಂದ ಕೂಲಿಕಾರರು ಸಾಲು ಮನೆಗಳಲ್ಲಿ ಬಾಡಿಗೆಗಿದ್ದಾರೆ. ಊರಿನ ಹುಡುಗರು ಕ್ಯಾಬ್ ಓಡಿಸುತ್ತಾರೆ, ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಾರೆ. ಹೊಲಕ್ಕೆ ಆಳು ಸಿಗುವುದಿಲ್ಲ.

ಆರ್ಥಿಕತೆಯಲ್ಲಿ ಆದ ನಿಜವಾದ ಪಲ್ಲಟವೆಂದರೆ ಭೂಮಿಗೆ ಬೆಲೆ ಕಟ್ಟುವ ಬಗೆ. ಎಕರೆಗೆ ಎಷ್ಟು ಮೂಟೆ ರಾಗಿ ಎಂಬ ಲೆಕ್ಕ ಹೋಗಿ ಎಷ್ಟು ಸೈಟು ಎಂಬ ಲೆಕ್ಕ ಬಂತು. ರಸ್ತೆಬದಿಯಲ್ಲಿ ಜಮೀನಿದ್ದವರು ಮನೆ ಕಟ್ಟಿ ಬಾಡಿಗೆ ತಿಂದರು. ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರಿಗೂ ಗೇಣಿದಾರರಿಗೂ ಪರಿಹಾರದ ಹಣದಲ್ಲಿ ಪಾಲಿಲ್ಲ. ಬಂದ ಹಣದಲ್ಲಿ ಹೆಣ್ಣುಮಕ್ಕಳ ಪಾಲಿಗಾಗಿ ಮನೆಮನೆಯಲ್ಲೂ ವ್ಯಾಜ್ಯ ಹುಟ್ಟಿತು. ನೀರಿನ ಕಥೆ ಇನ್ನೂ ವಿಚಿತ್ರ: ಕೊಳವೆಬಾವಿಗಳು ಆಳಕ್ಕಿಳಿದ ಈ ಸೀಮೆಯ ಕೆಲವು ಕೆರೆಗಳನ್ನು ಈಗ ತುಂಬಿಸುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು.

ಭೂಸ್ವಾಧೀನಕ್ಕೆ ಎಲ್ಲರೂ ತಲೆಬಾಗಲಿಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಪಡೆಯುವ ಯೋಜನೆಯ ವಿರುದ್ಧ 2022ರಲ್ಲಿ ಧರಣಿ ಕುಳಿತ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಕದಲಲಿಲ್ಲ. 2025ರ ಜುಲೈ 15ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಹೆಚ್ಚಿನ ದರಕ್ಕೆ ಕೊಳ್ಳುವುದಾಗಿ ಹೇಳಿತು.