ಲಾಭವಿಲ್ಲದ ಔಷಧ

ಕಾಲಾ ಆಜಾರ್ ಬಡವರ ರೋಗ. ಮರಳುನೊಣದ ಕಡಿತದಿಂದ ಪರೋಪಜೀವಿಯೊಂದು ದೇಹವನ್ನು ಹೊಕ್ಕು, ವಾರಗಟ್ಟಲೆ ಜ್ವರ ಬರಿಸಿ, ಗುಲ್ಮವನ್ನು ಹಿಗ್ಗಿಸುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಮರಣ ಬಹುಮಟ್ಟಿಗೆ ನಿಶ್ಚಿತ. ನಮ್ಮ ದೇಶದಲ್ಲಿ ಬಿಹಾರದ ಕೂಲಿಕಾರರೇ ಇದಕ್ಕೆ ಹೆಚ್ಚಾಗಿ ತುತ್ತಾದವರು.

1920ರ ದಶಕದಲ್ಲಿ ಕಲ್ಕತ್ತೆಯ ಡಾ. ಉಪೇಂದ್ರನಾಥ ಬ್ರಹ್ಮಚಾರಿಯವರ ಯೂರಿಯಾ ಸ್ಟಿಬಮೈನ್ ಅಸಂಖ್ಯ ಜೀವಗಳನ್ನು ಉಳಿಸಿತು. ಆದರೆ ಶತಮಾನದ ಕೊನೆಯ ವೇಳೆಗೆ ಆಂಟಿಮನಿ ಮೂಲದ ಔಷಧಗಳು ಬಿಹಾರದಲ್ಲಿ ನಿಷ್ಫಲವಾಗತೊಡಗಿದವು.

ಬದಲಿ ಮದ್ದು ಇರಲಿಲ್ಲವೆಂದಲ್ಲ. ಕರುಳಿನ ಅಮೀಬಾ ರೋಗಕ್ಕೆ ಬಳಸುತ್ತಿದ್ದ ಪ್ಯಾರೊಮೊಮೈಸಿನ್ 1950ರ ದಶಕದಿಂದಲೇ ಪರಿಚಿತವಾಗಿತ್ತು. 1990ರ ದಶಕದಲ್ಲಿ ಬಿಹಾರದಲ್ಲಿಯೇ ನಡೆದ ಸಣ್ಣ ಪ್ರಯೋಗಗಳಲ್ಲಿ ಅದರ ಚುಚ್ಚುಮದ್ದು ಒಳ್ಳೆಯ ಫಲ ನೀಡಿತು. ಆದರೂ ಕಾರ್ಯ ನಿಂತುಹೋಯಿತು. ಹಳೆಯ ಔಷಧಕ್ಕೆ ಏಕಸ್ವಾಮ್ಯವಿಲ್ಲ, ರೋಗಿಯ ಕೈಯಲ್ಲಿ ಹಣವಿಲ್ಲ. ಹೀಗಿರುವಾಗ ದುಬಾರಿಯಾದ ಅಂತಿಮ ಪರೀಕ್ಷೆಗೆ ಬಂಡವಾಳ ಹೂಡುವವರು ಯಾರು? ವ್ಯಾಪಾರದ ಲೆಕ್ಕದಲ್ಲಿ ಇದು ತಪ್ಪೆನಿಸದು. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಸತ್ತವರಿಗೆ ಕಲಮೇ ಇರಲಿಲ್ಲ.

ಅಮೆರಿಕದ ಔಷಧ ವಿಜ್ಞಾನಿ ವಿಕ್ಟೋರಿಯಾ ಹೇಲ್ ಅವರು 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಒನ್‌ವರ್ಲ್ಡ್ ಹೆಲ್ತ್’ ಎಂಬ ಲಾಭರಹಿತ ಔಷಧ ಸಂಸ್ಥೆಯನ್ನು ಕಟ್ಟಿದರು. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಬಿಹಾರದಲ್ಲಿ 667 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 21 ದಿನಗಳ ಪ್ಯಾರೊಮೊಮೈಸಿನ್ ಚಿಕಿತ್ಸೆ ಪಡೆದವರಲ್ಲಿ ಶೇ. 94.6ರಷ್ಟು ಮಂದಿ ಗುಣಹೊಂದಿದರು. 2006ರ ಆಗಸ್ಟ್‌ನಲ್ಲಿ ಭಾರತ ಸರಕಾರ ಅನುಮತಿಯಿತ್ತಿತು. ಹೈದರಾಬಾದಿನ ಗ್ಲ್ಯಾಂಡ್ ಫಾರ್ಮಾ ಔಷಧವನ್ನು ತಯಾರಿಸಿತು. ಆಗ ಒಂದು ಪೂರ್ಣ ಚಿಕಿತ್ಸೆಯ ಔಷಧದ ಬೆಲೆ ಸುಮಾರು 10 ಡಾಲರ್ ಆಗಿತ್ತು.

ಈ ಯಶಸ್ಸಿಗೂ ಮಿತಿಯುಂಟು. ಮೂರು ವಾರ ದಿನನಿತ್ಯ ಚುಚ್ಚುಮದ್ದು ಪಡೆಯುವುದೆಂದರೆ ದಿನಗೂಲಿಯವನು ಅಷ್ಟು ದಿನದ ಅನ್ನವನ್ನು ಕಳೆದುಕೊಂಡಂತೆ. ಮುಂದೆ 2014ರಿಂದ ಭಾರತದಲ್ಲಿ ಒಂದೇ ಬಾರಿ ಕೊಡುವ ಲೈಪೊಸೋಮಲ್ ಆಂಫೊಟೆರಿಸಿನ್‌ಗೆ ಪ್ರಾಶಸ್ತ್ಯ ದೊರೆಯಿತು. ಆದರೂ ಪ್ಯಾರೊಮೊಮೈಸಿನ್ ವ್ಯರ್ಥವಾಗಲಿಲ್ಲ. ಪೂರ್ವ ಆಫ್ರಿಕಾದಲ್ಲಿ ಮತ್ತೊಂದು ಔಷಧದೊಡನೆ ಸೇರಿ ಚಿಕಿತ್ಸೆಯ ಅವಧಿಯನ್ನು 30 ದಿನಗಳಿಂದ 17ಕ್ಕೆ ಇಳಿಸಿತು.

ಆಸ್ಪತ್ರೆಯ ಕೊಠಡಿಗೆ ಹಣವಿತ್ತರೆ ಗೋಡೆಯ ಮೇಲೆ ಹೆಸರು ಉಳಿಯುತ್ತದೆ. ಹಳೆಯ ಮದ್ದೊಂದರ ಪರೀಕ್ಷೆಗೆ ಕೊಟ್ಟ ಹಣಕ್ಕೆ ಅಂತಹ ಫಲಕವಿಲ್ಲ. ಫಲ ಕಾಣಲು ವರ್ಷಗಳು ಬೇಕು, ಕಾಣದೆಯೂ ಹೋಗಬಹುದು. ಆದರೂ ಯಾರೋ ಕೊಟ್ಟದ್ದರಿಂದಲೇ ಬಿಹಾರದ ರೋಗಿಗೆ ಆ ಮದ್ದು ದೊರೆಯಿತು. ದಾನದ ಹಣವನ್ನು ವಿನಿಯೋಗಿಸುವ ಹೊಣೆ ಹೊತ್ತವರು ಈ ಮಾತನ್ನು ವಿಚಾರಿಸಬೇಕು.