ಗಜೇಂದ್ರಗಡ ಸೀಮೆಯ ಮಗ್ಗ, ಅರಳೆ ಮತ್ತು ಬಂಡವಾಳದ ವಿವಾದ

ಕೂಲಿ ನೇಕಾರಿಕೆಯ ಲೆಕ್ಕ ಮೇಲ್ನೋಟಕ್ಕೆ ಸರಳ. ಸಾಹುಕಾರ ನೂಲನ್ನು ಮುಂಗಡವಾಗಿ ಕೊಡುತ್ತಾನೆ. ನೇಕಾರ ಮನೆಯ ಕುಣಿಮಗ್ಗದಲ್ಲಿ ಸೀರೆ ನೇದು ಒಪ್ಪಿಸಿ, ಸೀರೆಗಿಷ್ಟೆಂದು ಕೂಲಿ ಪಡೆಯುತ್ತಾನೆ. ಕಂಡಿಕೆ ಸುತ್ತುವ ಹೆಂಗಸರ ದುಡಿಮೆಗೆ ಪ್ರತ್ಯೇಕ ಕೂಲಿಯಿಲ್ಲ. ಪಟ್ಟೇದಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದ ಸೀಮೆಯಲ್ಲಿ ಬಂಡವಾಳಶಾಹಿಯ ಒಳಿತು ಕೆಡುಕುಗಳ ವಾದ ಸುತ್ತಿರುವುದು ಬಹುಪಾಲು ಈ ಮುಂಗಡದ ಸುತ್ತಲೇ.

ದೂರದ ಮಾರುಕಟ್ಟೆಯ ಬಲವನ್ನು ಈ ಭಾಗಕ್ಕೆ ಮೊದಲು ತೋರಿಸಿದ್ದು ಅರಳೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ಬೆಳೆಯುತ್ತಿದ್ದ ‘ಧಾರವಾಡ ಅಮೆರಿಕನ್’ ತಳಿಗೆ ಬೆಲೆ ಏರಿತು. ಬೆಲೆಯ ಬೆನ್ನಿಗೇ ಕಲಬೆರಕೆಯೂ ಬಂತು. ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಯುದ್ಧ ಮುಗಿಯುತ್ತಲೇ ಬೆಲೆ ಇಳಿಯಿತು. ಒಕ್ಕಲಿಗನ ಕೈಗೆ ರೊಕ್ಕ ತಂದದ್ದೂ ಅದನ್ನು ಕಸಿದದ್ದೂ ಅವನು ಕಾಣದ ಅದೇ ಪೇಟೆ.

ಪೇಟೆ ಹಿಗ್ಗಿದಷ್ಟೂ ಶ್ರಮವಿಭಜನೆ ಬೆಳೆದು ಉತ್ಪತ್ತಿ ಹೆಚ್ಚುತ್ತದೆ ಎಂಬುದು 1776ರಲ್ಲಿ ಆಡಂ ಸ್ಮಿತ್ ಮುಂದಿಟ್ಟ ವಾದ. ಸಾಹುಕಾರನ ಪರವಾಗಿ ಹೇಳಬಹುದಾದದ್ದೂ ಇದೇ ಧಾಟಿಯದು: ಯಾವ ಸಂತೆಗೆ ಯಾವ ಅಂಚು ಬೇಕೆಂದು ಬಲ್ಲವನು ಅವನು, ಸರಕು ಮಾರಾಟವಾಗದಿದ್ದರೆ ನಷ್ಟ ಹೊರುವವನೂ ಅವನು. ಮಾರ್ಕ್ಸ್ ಇದನ್ನು ಬೇರೆ ಕಡೆಯಿಂದ ನೋಡಿದ. ಅವನ ‘ಬಂಡವಾಳ’ದ ಮೂರನೆಯ ಸಂಪುಟ (1894) ಹೇಳುವಂತೆ, ನೇಕಾರರನ್ನು ಹಿಡಿತಕ್ಕೆ ತೆಗೆದುಕೊಂಡ ವ್ಯಾಪಾರಿ ಹಳೆಯ ಉತ್ಪಾದನಾ ಕ್ರಮವನ್ನು ಮುರಿಯುವುದಿಲ್ಲ, ಅದನ್ನು ಉಳಿಸಿಕೊಂಡೇ ಲಾಭ ಎಳೆಯುತ್ತಾನೆ. ಕುಣಿಮಗ್ಗದ ಮಟ್ಟಿಗೆ ಈ ಮಾತು ಹೆಚ್ಚು ನಿಜ.

ಮೂರನೆಯ ಉತ್ತರ ಹತ್ತಿರದಲ್ಲೇ ಹುಟ್ಟಿತು. 1904ರ ಸಹಕಾರ ಕಾಯ್ದೆಯ ಮರುವರ್ಷ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಇಂಥ ಸಂಘವೆಂದು ಅದು ಹೆಸರಾಗಿದೆ. ಖಾಸಗಿ ಒಡೆತನವನ್ನು ಅದು ಪ್ರಶ್ನಿಸಲಿಲ್ಲ, ಬಡ್ಡಿಯನ್ನಷ್ಟೇ ಪ್ರಶ್ನಿಸಿತು. ಮುಂದೆ ಹುಲಕೋಟಿಯ ಕೆ.ಎಚ್. ಪಾಟೀಲರು ಇದೇ ದಾರಿಯನ್ನು ನೂಲಿನ ಗಿರಣಿಯವರೆಗೂ ಒಯ್ದರು.

ಸಹಕಾರ ಸಂಘಗಳ ಹೊರಗುಳಿದ ನೇಕಾರರಿಗಾಗಿ 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂತು. ನಿಗಮವೂ ನೂಲು ಕೊಟ್ಟು, ಬಟ್ಟೆ ಪಡೆದು, ಕೂಲಿ ಕೊಡುತ್ತದೆ. ಸಾಹುಕಾರನ ಜಾಗಕ್ಕೆ ಸರಕಾರ ಬಂದರೂ ಮುಂಗಡದ ಪದ್ಧತಿ ಹಾಗೇ ಉಳಿಯಿತು. ನೇಕಾರ ಕೂಲಿಯವನಾಗಿಯೇ ಉಳಿದ. ವಿದ್ಯುತ್ ಮಗ್ಗದ ಪೈಪೋಟಿ ತಡೆಯಲು 1985ರಲ್ಲಿ ಬಂದ ಮೀಸಲಾತಿ ಕಾಯ್ದೆಯಡಿ ಕೈಮಗ್ಗಕ್ಕೆ 22 ಬಗೆಯ ಬಟ್ಟೆಗಳು ಮೀಸಲಾದವು. ಆಮೇಲೆ ಅವು 11ಕ್ಕೆ ಇಳಿದವು.

ನೇಕಾರನ ಪಾಲಿಗೆ ಸರಕಾರ ಸಾಹುಕಾರನ ಜಾಗಕ್ಕೆ ಬಂದಿದ್ದರೆ, ಆ ಹೊತ್ತಿಗಾಗಲೇ ಇದೇ ಭಾಗದ ರೈತರ ಸಿಟ್ಟು ಸರಕಾರದತ್ತಲೇ ತಿರುಗಿತ್ತು. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಎದ್ದ ಬಂಡಾಯ ಗೋಲಿಬಾರಿಗೆ ತಿರುಗಿತು. ಅದೇ ವರ್ಷ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘ 1990ರ ದಶಕದಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿಗಳ ಎದುರು ನಿಂತಿತು.