ಕುಕೀ ಎಂಬ ಚೀಟಿ

2022ರ ಮಾತು. ನನ್ನ ಶ್ರೀಮತಿಯ ಪರೀಕ್ಷಾ ವರದಿಯಲ್ಲಿ ಶಂಕಿಸಲಾಗಿದ್ದ ರೋಗವೊಂದರ ಕುರಿತು ಒಂದು ರಾತ್ರಿ ಗಣಕಯಂತ್ರದಲ್ಲಿ ಹುಡುಕಿ ಓದಿದೆ. ಮಕ್ಕಳಿಗೂ ತಿಳಿಸಿರಲಿಲ್ಲ. ಮರುದಿನ ಅಣ್ಣನ ಮಗ ಅದೇ ಯಂತ್ರದಲ್ಲಿ ಪತ್ರಿಕೆಯ ಪುಟ ತೆರೆದರೆ, ಸುದ್ದಿಯ ಪಕ್ಕದಲ್ಲೇ ಆ ರೋಗದ ಚಿಕಿತ್ಸೆಯ ಜಾಹೀರಾತು! "ಚಿಕ್ಕಪ್ಪಾ, ಚಿಕ್ಕಮ್ಮನಿಗೆ ಏನಾಗಿದೆ?" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. (ರೋಗವಿಲ್ಲವೆಂದು ಆಮೇಲೆ ತಿಳಿಯಿತು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಆತ್ಮೀಯ ಶಿಷ್ಯರೇ, ಬಂಧುಗಳೇ, ಚರಿತ್ರೆ ಬೋಧಿಸಿದವನಿಗೆ ಯಾವುದರ ಮೂಲವನ್ನೂ ಹುಡುಕದೆ ಸಮಾಧಾನವಿಲ್ಲ. ಈ ಗುಟ್ಟು ಸೋರಿದ ದಾರಿಯನ್ನೂ ಹುಡುಕಿದೆ.

1994ರಲ್ಲಿ ಜಾಲತಾಣಗಳಿಗೆ ನೆನಪಿನ ಶಕ್ತಿಯಿರಲಿಲ್ಲ. ಪುಟ ಬದಲಾದರೆ ಗಿರಾಕಿ ಅಪರಿಚಿತನೇ. ಬುಟ್ಟಿಗೆ ಹಾಕಿದ ಸಾಮಾನನ್ನು ಅಂಗಡಿ ನೆನಪಿಡುವುದು ಹೇಗೆ? ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಎಂಬ ತರುಣರು ಉಪಾಯ ಕಂಡುಹಿಡಿದರು: ತಾಣವು ಸಣ್ಣ ಚೀಟಿಯೊಂದನ್ನು ಬರೆದು ಗಿರಾಕಿಯ ಬ್ರೌಸರಿನಲ್ಲೇ ಇಡುವುದು, ಮತ್ತೆ ಬಂದಾಗ ಓದುವುದು. ಅದೇ ಕುಕೀ. ಪ್ರತಿ ಬ್ರೌಸರಿಗೂ ಒಂದೊಂದು ಶಾಶ್ವತ ಸಂಖ್ಯೆ ಕೊಟ್ಟುಬಿಡುವುದು ಸುಲಭವಿತ್ತು. ಜನರ ಬೆನ್ನುಹತ್ತಲು ಅದು ದಾರಿಯಾದೀತೆಂದು ಅವರು ಬಿಟ್ಟರು. ಒಂದು ತಾಣದ ಚೀಟಿಯನ್ನು ಮತ್ತೊಂದು ಓದುವಂತಿರಲಿಲ್ಲ.

ಆದರೆ ಪುಟದೊಳಗಿನ ಚಿತ್ರ ಬೇರೆಡೆಯಿಂದಲೂ ಬರಬಹುದಷ್ಟೆ. ಊರಿನ ಕಿರಾಣಿ ಅಂಗಡಿ, ಔಷಧದಂಗಡಿ, ಪುಸ್ತಕದಂಗಡಿ ಎಲ್ಲದರ ಗೋಡೆಯ ಮೇಲೂ ಒಬ್ಬನೇ ವರ್ತಕ ಹಂಚಿದ ಕ್ಯಾಲೆಂಡರು ತೂಗುತ್ತಿದೆಯೆನ್ನಿ. ಆ ಕ್ಯಾಲೆಂಡರಿಗೆ ಕಣ್ಣಿದ್ದರೆ? ಜಾಹೀರಾತು ಕಂಪನಿಗಳು ಮಾಡಿದ್ದು ಅದನ್ನೇ.

ಇದು ಯಾರಿಗೂ ಹೊಳೆದಿರಲಿಲ್ಲವೆಂದಲ್ಲ. 1997ರ ಫೆಬ್ರವರಿಯಲ್ಲಿ ಡೇವಿಡ್ ಕ್ರಿಸ್ಟಲ್ ಹಾಗೂ ಮಾಂಟುಲ್ಲಿ ಅವರು ಬರೆದ ಆರ್‌ಎಫ್‌ಸಿ 2109 ಎಂಬ ಮಾನದಂಡವು, ಬಳಕೆದಾರ ತಾನಾಗಿ ಒಪ್ಪದ ಹೊರತು ಇಂಥ ಹೊರಗಿನವರ ಕುಕೀಗಳಿಗೆ ಅವಕಾಶ ಕೂಡದೆಂದಿತು. ನೆಟ್‌ಸ್ಕೇಪ್, ಮೈಕ್ರೋಸಾಫ್ಟ್ ಎರಡೂ ಅದನ್ನು ಪಾಲಿಸಲಿಲ್ಲ. ಬೇಡವೆನ್ನುವವನೇ ಸೆಟ್ಟಿಂಗ್ ಹುಡುಕಿ ಮುಚ್ಚಬೇಕಾಯಿತು. ನಮ್ಮಂಥವರು ಎಲ್ಲಿ ಹುಡುಕುತ್ತೇವೆ? ನನ್ನ ಮನೆಯ ಗುಟ್ಟಿಗೆ ಬಾಗಿಲು ತೆರೆದದ್ದು ಆಗಲೇ ಎಂದು ನನ್ನ ಎಣಿಕೆ.

ಆದ್ದರಿಂದ ಬ್ರೌಸರ್ ಆರಿಸುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ನಾನು ಏನನ್ನೂ ಮುಟ್ಟದಿದ್ದರೆ ಇದು ಹೇಗಿರುತ್ತದೆ? ಫೈರ್‌ಫಾಕ್ಸ್ 2019ರಿಂದ ಅನೇಕ ಬೇಹುಗಾರ ಕುಕೀಗಳನ್ನು ತಾನಾಗಿಯೇ ತಡೆಯುತ್ತಿದೆ; 2022ರಿಂದ ಪ್ರತಿ ತಾಣದ ಚೀಟಿಗಳನ್ನು ಬೇರೆಬೇರೆ ಡಬ್ಬಿಯಲ್ಲಿಡುತ್ತಿದೆ. ಸಫಾರಿ, ಬ್ರೇವ್‌ಗಳೂ ಹೊರಗಿನವರನ್ನು ತಡೆಯುತ್ತವೆ. ಎರಡು ವರ್ಷದಲ್ಲಿ ಈ ಕುಕೀಗಳನ್ನು ಕೈಬಿಡುವೆನೆಂದು 2020ರಲ್ಲಿ ಸಾರಿದ್ದ ಕ್ರೋಮ್, ಮುಂದೂಡುತ್ತಲೇ ಬಂದು ಕೊನೆಗೆ ಆ ವಿಚಾರವನ್ನೇ ಬಿಟ್ಟಿತು. ಅದರ ಗುಟ್ಟಿನ ಕಿಟಕಿ ಅಣ್ಣನ ಮಗನಿಂದ ಮರೆಮಾಡೀತು, ತಾಣಗಳಿಂದಲ್ಲ.

ನಾನು ಫೈರ್‌ಫಾಕ್ಸಿಗೆ ಬಂದೆ. ಅದನ್ನು ನಡೆಸುವ ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲ್‌ನಿಂದಲೇ ಎಂಬುದನ್ನು ಬಲ್ಲೆ, ನಗುವೂ ಬರುತ್ತದೆ. ಬ್ಯಾಂಕಿನ ತಾಣವೊಂದು ಆಗಾಗ ತಕರಾರು ತೆಗೆಯುವುದರಿಂದ ಅದೊಂದಕ್ಕೆ ಹಳೆಯ ಬ್ರೌಸರನ್ನೂ ಉಳಿಸಿಕೊಂಡಿದ್ದೇನೆ.